ಒಂದು ಚಮಚ ಮಣ್ಣು

ಮಾರ್ಚ್ ೪

ಪ್ರೀತಿಯ ಅತ್ತಿಗೆಗೆ,

ನಿಮ್ಮ ಸೀನವ್ವನ ನಮಸ್ಕಾರಗಳು. ಕಾಗದ ಮೊನ್ನೆ ತಲುಪಿತು. ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧಕ್ಕೆ ನೀವೇ ಊಹಿಸಿ ಉತ್ತರ ಕೊಡುತ್ತೀರಿ. ಅದಕ್ಕಿಂತ ಕಾಗದವೇ ವಾಸಿ ಎಂದು ಅಣ್ಣ ಹೇಳಿದ್ದು ಸರಿ. ಹೋದ ಸಲ ನನಗೆ ಗಂಟಲು ನೋವು ಎಂದರೆ ನೀವು "ಬಹಳ ಸಂತೋಷ, ಹಾಗೇ ಇರಲಿ" ಅಂದಿರಿ. ಹಾಗೇ ಇದೆ.

ಅಲ್ಲಿ ನೀನು ಮಾಡುವುದಾದರೂ ಏನು ಎಂದು ಕೇಳಿದ್ದೀರಿ. ಮಂಗಳ ಗ್ರಹದಲ್ಲಿ ಇಳಿಯುವ ಯಂತ್ರವೊಂದನ್ನು ಇಲ್ಲಿ ಜೋಡಿಸುತ್ತಿದ್ದಾರೆ. ನಾಲ್ಕು ಕಾಲಿನದು, ನಮ್ಮ ಊಟದ ಮೇಜಿಗಿಂತ ತುಸು ದೊಡ್ಡದು. ಅಲ್ಲಿ ಜೀವ ಇದೆಯೇ, ಎಂದಾದರೂ ಇತ್ತೇ ಎಂದು ಹುಡುಕುವುದಕ್ಕೆ ಹೋಗುತ್ತಿದೆ. ನಮ್ಮ ಮೈಮೇಲಿನ ಸೂಕ್ಷ್ಮಜೀವಿಗಳು ಟಿಕೆಟ್ಟಿಲ್ಲದೆ ಅದನ್ನು ಹತ್ತಿಬಿಟ್ಟರೆ, ಅಷ್ಟು ದೂರ ಹೋಗಿ ನಾವು ಹುಡುಕಿ ಹಿಡಿಯುವುದು ನಮ್ಮದೇ ಕೊಳೆಯನ್ನು. ಅಲ್ಲಿ ನಿಜಕ್ಕೂ ಏನಾದರೂ ಬದುಕಿದ್ದರಂತೂ, ಅದರ ಮನೆಗೆ ನಾವೇ ರೋಗ ಹೊತ್ತುಕೊಂಡು ಹೋದ ಹಾಗೆ.

ನಾನು ಹತ್ತಿ ಕಡ್ಡಿಯಿಂದ ಯಂತ್ರದ ಮೈ ಒರೆಸುತ್ತೇನೆ. ಆ ಕಡ್ಡಿಯನ್ನು ನೀರಿಗೆ ಅದ್ದಿ, ನೀರನ್ನು ಕಾಯಿಸಿ, ತಟ್ಟೆಯಲ್ಲಿ ಮೂರು ದಿನ ಬೆಚ್ಚಗಿಟ್ಟು, ಎಷ್ಟು ಚುಕ್ಕಿ ಬೆಳೆದವು ಎಂದು ಎಣಿಸುತ್ತೇನೆ. ಅಷ್ಟು ಕಾಯಿಸಿದರೂ ಸಾಯದೆ ಚಿಪ್ಪಿನೊಳಗೆ ಮಲಗಿರುವ ಜಾತಿಗಳು ಇರುತ್ತವಲ್ಲ, ಬೀಜಕಗಳು, ಅವೇ ನಮ್ಮ ವೈರಿಗಳು. ನಿಮಗೆ ಇದನ್ನೆಲ್ಲ ಹೇಳಬೇಕೇ? ಆಸ್ಪತ್ರೆಯಲ್ಲಿ ಆಪರೇಷನ್ ಸಾಮಾನುಗಳನ್ನು ಇಪ್ಪತ್ತಾರು ವರ್ಷ ಹಬೆಯಲ್ಲಿ ಬೇಯಿಸಿದವರು ನೀವು.

ಒಳಗೆ ಹೋಗುವಾಗ ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಕಣ್ಣು ಮಾತ್ರ ಹೊರಗೆ. ಒಂದರ ಮೇಲೊಂದು ಎರಡು ಜೊತೆ ಗ್ಲೌಸು. ಕೈ ತೊಳೆಯುವಾಗ ಈಗಲೂ ನೀವು ಕಲಿಸಿದ ಪಾಠ ಒಪ್ಪಿಸುತ್ತೇನೆ: ಬೆರಳ ಸಂದಿ, ಉಗುರ ಬುಡ, ಹೆಬ್ಬೆರಳು ಬೇರೆಯಾಗಿ, ಮಣಿಕಟ್ಟು ಕೊನೆಗೆ. ಪಕ್ಕದಲ್ಲಿದ್ದವರು ನಾನೇನೋ ಜಪ ಮಾಡುತ್ತೇನೆ ಅಂದುಕೊಂಡಿದ್ದಾರೆ. ಆರು ವರ್ಷದ ನಾನು ದಿನಕ್ಕೆ ನಲವತ್ತು ಸಲ ಸೀನುತ್ತಿದ್ದಾಗ, ಮದುವೆಯಾಗಿ ಬಂದ ಹೊಸದರಲ್ಲೇ ನನ್ನ ಮೂಗು ಒರೆಸಲು ಕೂತವರು ನೀವು. ಇವತ್ತು ಸೀನಿದರೆ ಅಪರಾಧವಾಗುವ ಕೋಣೆಯಲ್ಲಿ ನನಗೆ ಕೆಲಸ.

ನಿಮ್ಮ ಕಾಗದಗಳನ್ನು ಎಲ್ಲಿಟ್ಟುಕೊಳ್ಳುತ್ತೇನೆ ಎಂದು ಮಾತ್ರ ಹೇಳುವುದಿಲ್ಲ. ಬೈಯುತ್ತೀರಿ.

ನಿಮ್ಮ ನಾದಿನಿ

*

ಮಾರ್ಚ್ ೧೭

ಚಿರಂಜೀವಿ ಸೀನವ್ವನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಣ್ಣ ಹೊಲಿಗೆ ಯಂತ್ರ ಬಿಚ್ಚಿ ನಡುಮನೆಯ ತುಂಬ ಹರಡಿಕೊಂಡಿದ್ದಾರೆ. ಎಣ್ಣೆ ಕೈಯಲ್ಲಿ ನಿನ್ನ ಕಾಗದ ಮುಟ್ಟಬಾರದು ಎಂದು ನಾನೇ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅಷ್ಟು ಒರೆಸಿದ್ರೆ ಯಂತ್ರದ ಬಣ್ಣ ಹೋಗಲ್ವಾ?" ಅಂದರು. ಇದಕ್ಕೆ ನೀನೇ ಉತ್ತರ ಬರೆ.

ನಿನ್ನ ಕೆಲಸ ನನಗೆ ಅರ್ಥವಾಯಿತು. ಬೇರೆಯವರ ಮನೆಗೆ ಹೋಗುವಾಗ ಕಾಲು ತೊಳೆದುಕೊಂಡು ಹೋಗುವುದು, ಅಷ್ಟೇ ತಾನೇ. ಮನೆಯಲ್ಲಿ ಯಾರಿದ್ದಾರೋ ಗೊತ್ತಿಲ್ಲದಿದ್ದಾಗ ಇನ್ನೂ ಚೆನ್ನಾಗಿ ತೊಳೆದುಕೊಳ್ಳಬೇಕು.

ನಾನು ಮಾಳಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಇಪ್ಪತ್ತಾರು ವರ್ಷ ಕೊಳೆ ತೆಗೆದದ್ದಾಯಿತು, ಈಗ ಮನಸಾರೆ ಕೊಳೆಯಲ್ಲಿ ಆಡುತ್ತಿದ್ದೇನೆ. ಹನ್ನೊಂದು ಕುಂಡ ಟೊಮೇಟೊ ಇಟ್ಟಿದ್ದೇನೆ. ಗೊಬ್ಬರ, ಕೊಳೆತ ಎಲೆ, ಮಣ್ಣು ಎಲ್ಲ ನಾನೇ ಕಲೆಸಿದ್ದು. ಕಾಗದದ ಮೂಲೆಯಲ್ಲಿ ಕಂದು ಬಣ್ಣದ ಹೆಬ್ಬೆಟ್ಟು ಕಂಡರೆ ಅದು ಏಳನೇ ಕುಂಡದ್ದು. ಒರೆಸಿಕೊಂಡೇ ಬರೆದೆ, ಆದರೂ ಅಂಟಿತು.

ಆಸ್ಪತ್ರೆಯ ನೆನಪು ಬರುತ್ತದೆಯೇ ಎಂದು ನೀನು ಹಿಂದೊಮ್ಮೆ ಕೇಳಿದ್ದೆ. ಕಿವಿ ಕೈಕೊಟ್ಟಿತು, ಬಿಟ್ಟು ಬಂದೆ. ಅಷ್ಟೇ. ರಜೆಯಲ್ಲಿ ನೀನು ಅಲ್ಲಿ ಸ್ಟೂಲಿನ ಮೇಲೆ ಕೂತು ಆಪರೇಷನ್ ಸಾಮಾನಿನ ಗಂಟುಗಳಿಗೆ ಚೀಟಿ ಬರೆಯುತ್ತಿದ್ದುದು ಮಾತ್ರ ನೆನಪಾಗುತ್ತದೆ. ಕಟ್ಟಿದವರ ಹೆಸರು, ತಾರೀಖು. ಗಾಯ ಕೀವಾದರೆ ಯಾರು ಕಟ್ಟಿದ ಗಂಟು ಎಂದು ತಿಳಿಯಬೇಕಲ್ಲ. ನಿನ್ನ ಅಕ್ಷರ ಯಾವಾಗಲೂ ಓರೆಯಾಗಿ ಬೆಟ್ಟ ಹತ್ತುತ್ತಿತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತಿಗೆ

*

ಏಪ್ರಿಲ್ ೨೧

ಅತ್ತಿಗೆ,

ಬಣ್ಣ ಹೋಗುವುದಿಲ್ಲ ಎಂದು ಅಣ್ಣನಿಗೆ ಹೇಳಿ.

ಇಲ್ಲಿ ಸ್ವಲ್ಪ ಗಡಿಬಿಡಿ. ಯಂತ್ರದ ಬಲಗಡೆಯ ಹಿಂಗಾಲಿನ ಕೀಲಿನಲ್ಲಿ ಎಣಿಕೆ ಮಿತಿ ಮೀರಿದೆ. ಏಪ್ರಿಲ್ ಒಂಬತ್ತರಂದು ತೆಗೆದ ಕಡ್ಡಿಯಿಂದ ತಟ್ಟೆಯ ತುಂಬ ಸುಕ್ಕುಸುಕ್ಕಾದ ಚುಕ್ಕಿಗಳು ಬೆಳೆದವು, ಆರಿದ ಹಾಲಿನ ಕೆನೆಯ ಹಾಗೆ. ಮಣ್ಣಿನಲ್ಲಿರುವ ಜಾತಿ. ಈ ಕಟ್ಟಡದಲ್ಲಿ ಇದುವರೆಗೆ ಕಂಡಿದ್ದಲ್ಲ.

ಎಲ್ಲಿಂದ ಬಂತು ಎಂದು ತಿಳಿದರೆ ಆ ಭಾಗ ಮಾತ್ರ ಬಿಚ್ಚಿ, ಬೀಜಕವೂ ಸಾಯುವಷ್ಟು ಬಿಸಿಯಲ್ಲಿ ಕಾಯಿಸಬಹುದು. ತಿಳಿಯದಿದ್ದರೆ ಇನ್ನೆಲ್ಲೆಲ್ಲಿ ಇದೆಯೋ ಎಂದು ಇಡೀ ಯಂತ್ರ ಬಿಚ್ಚಬೇಕು. ಬಿಚ್ಚಿದರೆ ಜುಲೈನಲ್ಲಿ ಹೊರಡುವುದಕ್ಕಾಗುವುದಿಲ್ಲ. ಮಂಗಳ ಮತ್ತೆ ಹತ್ತಿರ ಬರುವುದು ಇಪ್ಪತ್ತಾರು ತಿಂಗಳ ಮೇಲೆ. ಜೂನ್ ಐದರೊಳಗೆ ತೀರ್ಮಾನವಾಗಬೇಕು ಎಂದು ನಮ್ಮ ಎಣಿಕೆ ಮೇಷ್ಟ್ರು ಗಡುವು ಹಾಕಿದ್ದಾರೆ. ಮೇಷ್ಟ್ರಲ್ಲ, ಪ್ರಯೋಗಾಲಯದ ಮುಖ್ಯಸ್ಥರು. ಎಣಿಸಿದ್ದನ್ನೇ ಮೂರು ಸಲ ಎಣಿಸುವುದರಿಂದ ಆ ಹೆಸರು.

ಮಣ್ಣು ಎಂದ ಕೂಡಲೇ ಎಲ್ಲರ ಕಣ್ಣು ಮಾಪಮ್ಮನ ಮೇಲೆ ಬಿತ್ತು. ನಮ್ಮ ಕೋಣೆಯ ನೆಲ ಒರೆಸುವವರು, ಆ ಹೆಸರು ಅವರೇ ಇಟ್ಟುಕೊಂಡಿದ್ದು. ಅವರ ಮನೆಗೆ ಅಂಗಳವಿದೆಯಂತೆ. "ಸಂಶಯ ತೀರೋ ತನಕ ಮನೇಲಿರಿ" ಎಂದು ಕಳಿಸಿದರು. ಹೋಗುವಾಗ ಮಾಪು ತೊಳೆದು, ಹಿಂಡಿ, ತಲೆ ಮೇಲಾಗಿ ನಿಲ್ಲಿಸಿ ಹೋದರು.

ಒಂದು ಉಪಕಾರ ಮಾಡಿ. ಏಳನೇ ಕುಂಡದಿಂದ ಒಂದು ಚಮಚ ಮಣ್ಣು ಕಳಿಸಿ. ಕುದಿಸಿದ ಚಮಚದಿಂದ ತೆಗೆದು, ಹೊಸ ಪೊಟ್ಟಣದಲ್ಲಿ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ನಿಮ್ಮ ನಾದಿನಿ

*

ಏಪ್ರಿಲ್ ೩೦

ಸೀನವ್ವ,

ನಿನ್ನ ಕಾಗದ ಓದಿ ನಗುವೂ ಬಂತು, ಕಣ್ಣೂ ತುಂಬಿತು. ಮನೆ ನೆನಪಾಗಿದೆ ಎಂದು ನೆಟ್ಟಗೆ ಬರೆದರೆ ನಿನ್ನ ಗಂಟೇನು ಹೋಗುತ್ತಿತ್ತು? ಬಿಳಿ ಗೋಡೆ, ಬಿಳಿ ಬಟ್ಟೆ ನೋಡಿ ನೋಡಿ ಬೇಜಾರಾಗಿರುತ್ತದೆ. ಒಂದು ಚಮಚ ಮಣ್ಣಿನಲ್ಲಿ ಏನು ಬೆಳೆಯುತ್ತೀ ಪೆದ್ದಿ? ಒಂದು ಸೇರು ಕಳಿಸಿದ್ದೇನೆ. ನೀನು ಹೇಳಿದ ಹಾಗೆ ಚಮಚ ಕುದಿಸಿಯೇ ತೆಗೆದೆ. ಕುದಿಸಿದ ಚಮಚದಿಂದ ಗೊಬ್ಬರ ತೆಗೆಯುವವಳನ್ನು ನೋಡಲು ನಿಮ್ಮಣ್ಣ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದರು.

ಜೊತೆಗೆ ಬೀಜವೂ ಇದೆ. ಬೆರಳಿನ ಮೊದಲ ಗೆಣ್ಣಿನಷ್ಟು ಆಳಕ್ಕೆ ಊರು. ಕಿಟಕಿಯ ಹತ್ತಿರ ಇಡು. ದಿನಾ ನೀರು ಸುರಿದು ಕೊಲ್ಲಬೇಡ.

ಆ ಮಾಪಮ್ಮನ ವಿಷಯ ಮನಸ್ಸಿನಲ್ಲೇ ಉಳಿಯಿತು. ಮಾಪನ್ನು ತಲೆ ಮೇಲಾಗಿ ನಿಲ್ಲಿಸಿ ಹೋದವಳು ಕೊಳೆ ತರುವವಳಲ್ಲ.

ಅತ್ತಿಗೆ

*

ಮೇ ೧೯

ಸೀನವ್ವ,

ಮಣ್ಣು ತಲುಪಿತೋ ಇಲ್ಲವೋ ಒಂದು ಸಾಲು ಬರೆ.

ಪೆದ್ದಿ ಎಂದದ್ದಕ್ಕೆ ಮುಖ ಊದಿಸಿಕೊಂಡೆಯಾ? ಅಥವಾ ಮನೆ ನೆನಪಾಗಿದೆ ಎಂದು ಬರೆದು ನಿನ್ನನ್ನು ಚಿಕ್ಕ ಹುಡುಗಿ ಮಾಡಿಬಿಟ್ಟೆನಾ? ಮೂವತ್ತೆರಡು ವರ್ಷದವಳು, ಅಷ್ಟು ದೊಡ್ಡ ಕೆಲಸದಲ್ಲಿರುವವಳು. ನನಗೆ ಅದು ಆಗಾಗ ಮರೆತುಹೋಗುತ್ತದೆ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ.

ಫೋನ್ ಮಾಡಿಸಿದೆ. "ಚೆನ್ನಾಗಿದ್ದಾಳಂತೆ, ಕೆಲಸ ಜಾಸ್ತಿಯಂತೆ" ಎಂದು ನಿಮ್ಮಣ್ಣ ನನ್ನ ಮುಖ ನೋಡದೆ ಹೇಳಿದರು. ಚೆನ್ನಾಗಿರುವವರ ಸುದ್ದಿಯನ್ನು ಯಾರೂ ಹಾಗೆ ಹೇಳುವುದಿಲ್ಲ. ನನಗೆ ಕಿವಿ ಮಂದ, ಕಣ್ಣಲ್ಲ.

ಅತ್ತಿಗೆ

*

ಜೂನ್ ೨

ಅತ್ತಿಗೆ,

ನೀವು ಏನೂ ತಪ್ಪು ಮಾಡಿಲ್ಲ. ತಪ್ಪು ನನ್ನದು. ಹೇಗೆ ಬರೆಯಬೇಕೋ ತಿಳಿಯದೆ ಮೂರು ವಾರದಿಂದ ಹಾಳೆ ಹರಿಯುತ್ತಿದ್ದೇನೆ.

ಹೊರಗಿನ ಕಾಗದ ನಮ್ಮ ಕೋಣೆಯ ಹತ್ತಿರ ಸುಳಿಯಬಾರದು. ಬರೆಯುವುದಕ್ಕೂ ಎಳೆ ಬಿಡದ ಬೇರೆ ಜಾತಿಯ ಹಾಳೆ ಕೊಡುತ್ತಾರೆ. ನಾನು ನಿಮ್ಮ ಕಾಗದವನ್ನು ಒಳ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಮೇಲೆ ಸೂಟು ಹಾಕಿಕೊಂಡು ಹೋಗುತ್ತಿದ್ದೆ. ಎರಡು ವರ್ಷದಿಂದ. ಸೂಟಿನೊಳಗೆ ತಾನೇ, ಹೊರಗೆ ಬರುವುದಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದೆ. ಅದು ಜೇಬಿನಲ್ಲಿದ್ದರೆ ನೀವು ಪಕ್ಕದಲ್ಲಿ ನಿಂತ ಹಾಗಿರುತ್ತಿತ್ತು. ಬೇರೆ ಕಾರಣವಿಲ್ಲ.

ಏಪ್ರಿಲ್ ಎಂಟರಂದು ಕಾಲಿನ ಕೀಲಿಗೆ ಮುಚ್ಚಳ ಕೂರಿಸುವವರ ಜೊತೆ ನಾನೂ ಕೈ ಹಾಕಬೇಕಿತ್ತು. ಹೆದರಿಕೆಯಾಗಿತ್ತು. ಮೊದಲನೇ ಗ್ಲೌಸು ಹಾಕಿಕೊಂಡ ಮೇಲೆ, ಜಿಪ್ ಎಳೆಯುವ ಮುಂಚೆ, ಕಾಗದ ಇದೆಯೇ ಎಂದು ಒಮ್ಮೆ ಮುಟ್ಟಿ ನೋಡಿದೆ. ಅದೇ ಕೈಯಿಂದ ಎರಡನೇ ಗ್ಲೌಸನ್ನು ಹೊರಗಡೆ ಹಿಡಿದು ಎಳೆದುಕೊಂಡೆ. ಕಾಗದದ ಮಣ್ಣು ಹೊರಗಿನ ಗ್ಲೌಸಿಗೆ, ಅಲ್ಲಿಂದ ಕೀಲಿಗೆ; ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸುಕ್ಕು ಚುಕ್ಕಿ ಕಂಡ ದಿನ ನಿಮ್ಮ ಹೆಬ್ಬೆಟ್ಟು ನೆನಪಾಯಿತು. ಗುಟ್ಟಾಗಿ ಕಾಗದದ ಮೇಲೆ ಕಡ್ಡಿ ಆಡಿಸಿ ಬೆಳೆಸಿ ನೋಡಿದೆ. ಅದೇ ಚುಕ್ಕಿ. ಆದರೆ ಕಾಗದದಿಂದ ಯಂತ್ರಕ್ಕೆ ಹೋಯಿತೋ, ಯಂತ್ರದಿಂದ ಕಾಗದಕ್ಕೆ ಬಂತೋ? ಎರಡನೆಯದೇ ಆಗಿರಲಿ ಎಂದು ಆಸೆಪಟ್ಟು ಮಣ್ಣು ಕೇಳಿದೆ. ನೀವು ಒಂದು ಸೇರು ಕಳಿಸಿದಿರಿ, ಬೀಜದ ಜೊತೆ. ಮೇ ಒಂಬತ್ತಕ್ಕೆ ತಟ್ಟೆ ತೆರೆದೆ. ಏಳನೇ ಕುಂಡದಲ್ಲಿ ಅದೇ ಚುಕ್ಕಿ, ಅದೇ ಸುಕ್ಕು.

ಅಂದೇ ಹೇಳಬಹುದಿತ್ತು. ಮೇಷ್ಟ್ರ ಬಾಗಿಲವರೆಗೆ ಎರಡು ಸಲ ಹೋದೆ. ಒಂದು ಸಲ "ಏನು?" ಅಂದರು, "ಏನಿಲ್ಲ, ಪೆನ್ನು ಬೇಕಿತ್ತು" ಅಂದೆ. ಆ ಪೆನ್ನು ಈಗಲೂ ನನ್ನ ಹತ್ತಿರ ಇದೆ. ಇಷ್ಟು ದಿನ ಮಾಪಮ್ಮ ಮನೆಯಲ್ಲಿದ್ದಾರೆ, ನಾನು ಒಳಗಿದ್ದೇನೆ.

ನಾಳೆ ಬೆಳಿಗ್ಗೆ ಹೇಳುತ್ತೇನೆ. ಕೆಲಸ ಹೋಗಬಹುದು. ನೀವು ಎರಡೆರಡು ಪಾಳಿ ದುಡಿದು ಓದಿಸಿದ್ದು ಇದಕ್ಕೇ ಆಯಿತೇ ಎನ್ನಿಸಿದರೆ ಬೈದು ಬರೆಯಿರಿ. ನಿಮಗೆ ಮೊದಲು ಬರೆಯುವುದು ಯಾಕೆಂದರೆ, ಇದನ್ನು ಈ ಸಂಜೆ ಅಂಚೆ ಡಬ್ಬಕ್ಕೆ ಹಾಕಿದ ಮೇಲೆ ನಾನು ಹಿಂದೆ ಸರಿಯುವ ಹಾಗಿಲ್ಲ.

ನಿಮ್ಮ ಸೀನವ್ವ

*

ಜೂನ್ ೧೦

ನನ್ನ ಸೀನವ್ವನಿಗೆ,

ಈ ಕಾಗದ ಸುಕ್ಕಾಗಿರುವುದನ್ನು ನೋಡಿ ಗಾಬರಿಯಾಗಬೇಡ. ಹಳೆಯ ಆಸ್ಪತ್ರೆಗೆ ಹೋಗಿ, ಹಬೆ ಯಂತ್ರದಲ್ಲಿ ಮೂವತ್ತು ನಿಮಿಷ ಬೇಯಿಸಿಕೊಂಡು ಬಂದದ್ದು. ಕತ್ತರಿ ಚಿಮಟ ಹಾಕುವ ಚೀಲದಲ್ಲೇ ಸೀಲು ಮಾಡಿಸಿದ್ದೇನೆ. ಚೀಲದ ಮೇಲಿನ ಪಟ್ಟಿಯ ಗೆರೆ ಕಪ್ಪಾಗಿದೆ ನೋಡು, ಬೆಂದಿದೆ ಎಂದರ್ಥ. ಈಗ ಅಲ್ಲಿರುವವಳು ನನ್ನ ಹತ್ತಿರ ಕಲಿತವಳೇ. "ಕಾಗದ ಬೇಯಿಸ್ತಾರೇನಮ್ಮಾ?" ಎಂದಳು. "ನನ್ನ ಕಾಗದಕ್ಕೆ ಬೇಕು" ಎಂದೆ. ಬೆಂದಿದೆ ಎಂದು ಇದನ್ನೂ ಜೇಬಿಗಿಟ್ಟುಕೊಂಡು ಒಳಗೆ ಹೋದರೆ ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ.

ಇನ್ನು ನೀನು ಕೇಳದೇ ಇದ್ದ ಮಾತು. ಕಿವಿ ಕೈಕೊಟ್ಟಿತು, ಬಿಟ್ಟು ಬಂದೆ ಎಂದಿದ್ದೆನಲ್ಲ, ಅದರಲ್ಲಿ ಅರ್ಧವೇ ನಿಜ. ಹಬೆ ಯಂತ್ರದ ಗಂಟೆ ನನಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಯಾರಿಗೂ ಹೇಳದೆ ಅಂದಾಜಿನ ಮೇಲೆ ನಡೆಸುತ್ತಿದ್ದೆ. ಒಂದು ದಿನ ಬೇರೆ ಯಾವುದೋ ಸದ್ದನ್ನು ಗಂಟೆ ಎಂದುಕೊಂಡು ಹೊತ್ತಿಗೆ ಮುಂಚೆ ಬಾಗಿಲು ತೆಗೆದುಬಿಟ್ಟೆ. ಹದಿನಾಲ್ಕು ಗಂಟು. ಎಲ್ಲದರ ಮೇಲೂ ನನ್ನ ಚೀಟಿ. ಪಟ್ಟಿಯ ಗೆರೆ ಪೂರ್ತಿ ಕಪ್ಪಾಗಿರಲಿಲ್ಲ, ಕಂದು. ಬೆಂದಿರಬಹುದು ಎಂದುಕೊಂಡು ಒಂದು ದಿನ ಸುಮ್ಮನಿದ್ದೆ. ಆ ಒಂದು ದಿನ ನಾನು ಅನ್ನ ತಿಂದ ಹಾಗಿರಲಿಲ್ಲ.

ಮಾರನೇ ದಿನ ಡಾಕ್ಟರ ಮುಂದೆ ಹೋಗಿ ಹೇಳಿದೆ. ಹದಿಮೂರು ಗಂಟು ಹಾಗೇ ಇದ್ದವು, ಒಂದನ್ನು ಬಳಸಿಬಿಟ್ಟಿದ್ದರು. ಒಬ್ಬ ಬಸ್ ಕಂಡಕ್ಟರನ ಮೊಣಕಾಲಿನ ಆಪರೇಷನ್ನಿಗೆ. ಒಂಬತ್ತು ದಿನ ಅವನ ಮಂಚದ ಪಕ್ಕ ಹೋಗಿ ಕೂತೆ. ಅವನು ನನ್ನನ್ನು ಯಾರದೋ ಸಂಬಂಧಿ ಎಂದುಕೊಂಡಿದ್ದ. ಗಾಯ ಒಣಗಿತು, ನಡೆದುಕೊಂಡು ಮನೆಗೆ ಹೋದ. ನಾನು ಕೆಲಸ ಬಿಟ್ಟೆ. ಯಾರೂ ಬಿಡು ಎನ್ನಲಿಲ್ಲ. ನಿಮ್ಮಣ್ಣನಿಗೂ ಹೇಳಿರಲಿಲ್ಲ, ನಿನ್ನೆ ಹೇಳಿದೆ. "ಅದಕ್ಕೇ ಆಗ ನೀನು ದಿನಾ ಸಂಜೆ ತಡವಾಗಿ ಬರ್ತಿದ್ದದ್ದಾ? ನಾನು ಕೇಳೋಣ ಅಂತಿದ್ದೆ" ಅಂದರು. ಆರು ವರ್ಷ ಕೇಳದೇ ಇದ್ದ ಮನುಷ್ಯ.

ನಾನು ಒಂದು ದಿನ ತೆಗೆದುಕೊಂಡೆ, ನೀನು ಮೂರು ವಾರ. ನಿನಗೆ ನನಗಿಂತ ಹೆಚ್ಚು ಹೆದರಿಕೆ, ಅಷ್ಟೇ. ಮಾಪಮ್ಮನ ಮನೆಗೆ ನೀನೇ ಹೋಗಿ ಹೇಳು. ಕಾಗದ ಬರೆದು ಮುಗಿಸಬೇಡ.

ಓದಿಸಿದ್ದು ಇದಕ್ಕೇ ಆಯಿತೇ ಎಂದು ಕೇಳಿದ್ದೀ. ಹೌದು, ಇದಕ್ಕೇ. ಕೆಲಸ ಹೋದರೆ ಮನೆಗೆ ಬಾ. ಇಲ್ಲಿ ಹನ್ನೊಂದು ಕುಂಡಗಳಿವೆ.

ಅತ್ತಿಗೆ

*

ಜುಲೈ ೨೮

ಪ್ರೀತಿಯ ಅತ್ತಿಗೆಗೆ,

ನಿಮ್ಮ ಬೆಂದ ಕಾಗದ ನನ್ನ ಕೋಣೆಯ ಗೋಡೆಯ ಮೇಲಿದೆ, ಚೀಲದ ಸಮೇತ. ಸೀಲು ಒಡೆಯುವ ಮನಸ್ಸಾಗದೆ ಮೊದಲು ಪಾರದರ್ಶಕ ಭಾಗದಿಂದಲೇ ಓದಲು ನೋಡಿದೆ. ಮಡಿಕೆಯಲ್ಲಿ ಒಂದೂವರೆ ಸಾಲು ಕಂಡಿತು, ಅದರಲ್ಲಿ ಒಂದು "ಕಿವಿ ಹಿಂಡುತ್ತೇನೆ". ಆಮೇಲೆ ಒಡೆದೆ.

ಯಂತ್ರ ನಿನ್ನೆ ಹೊರಟಿತು. ಕಟ್ಟಡದ ಹಿಂದಿನ ಮೆಟ್ಟಿಲ ಮೇಲೆ ನಿಂತು ಎಲ್ಲರೂ ನೋಡಿದೆವು. ನಾಲ್ಕು ನಿಮಿಷವೂ ಆಗಿರಲಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾಯಿತು. ಎಣಿಕೆ ಮೇಷ್ಟ್ರು ಹೊಗೆ ಪೂರ್ತಿ ಕರಗುವ ತನಕ ನಿಂತೇ ಇದ್ದರು.

ಜೂನ್ ಮೂರರಂದು ಅವರಿಗೆ ಎಲ್ಲ ಹೇಳಿದೆ. ಕಾಗದ, ಮಣ್ಣು, ಮೂರು ತಟ್ಟೆ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೂರು ಸಲ ನೋಡಿದರು. "ಮೇ ಒಂಬತ್ತಕ್ಕೇ ಹೇಳ್ಬೇಕಿತ್ತು" ಅಂದರು. ಆಮೇಲೆ, "ಆವತ್ತು ಏನೇನು ಮುಟ್ಟಿದ್ರಿ, ಒಂದೂ ಬಿಡದೆ ಬರೀರಿ" ಎಂದು ಎಳೆ ಬಿಡದ ಹಾಳೆ ಕೊಟ್ಟರು. ಬಲ ಹಿಂಗಾಲಿನ ಕೀಲು, ಅದರ ಮುಚ್ಚಳ, ಎರಡು ತಿರುಪು. ಅಷ್ಟನ್ನೇ ಬಿಚ್ಚಿ ಕಾಯಿಸಿದರು. ಮತ್ತೆ ಒರೆಸಿ ನೋಡಿದರೆ ತಟ್ಟೆ ಖಾಲಿ. ಉಳಿದ ಯಂತ್ರಕ್ಕೆ ಕೈ ಹಚ್ಚಬೇಕಾಗಲಿಲ್ಲ.

ನನ್ನನ್ನು ಆ ಕೋಣೆಯಿಂದ ತೆಗೆದರು. ಬೇಸರವಾಗಲಿಲ್ಲ ಎಂದರೆ ಸುಳ್ಳು. ಯಂತ್ರವನ್ನು ಪೆಟ್ಟಿಗೆಗೆ ತುಂಬುವ ದಿನ ಗಾಜಿನ ಆಚೆ ನಿಂತು ನೋಡಿದೆ, ಎರಡು ವರ್ಷ ಒರೆಸಿದ ಮೈ. ಈಗ ಬಾಗಿಲ ಬಳಿ, ಒಳಗೆ ಹೋಗುವವರಿಗೆ ಸೂಟು ಹಾಕಿಸುವ ಕೆಲಸ ಕೊಟ್ಟಿದ್ದಾರೆ. ಎಲ್ಲರ ಜೇಬು ತಡವುತ್ತೇನೆ. ಹೋದ ವಾರ ಒಬ್ಬ ಹಿರಿಯ ಎಂಜಿನಿಯರ ಜೇಬಿನಲ್ಲಿ ಮೊಮ್ಮಗಳು ಬರೆದ ಚಿತ್ರ ಸಿಕ್ಕಿತು. ಮನುಷ್ಯನ ಮುಖ ಕೆಂಪಾಯಿತು. ನಾನು ಬೈಯಲಿಲ್ಲ. ಹೊರಗಡೆ ಅವರ ಹೆಸರಿನ ಗೂಡಿನಲ್ಲಿ ಇಟ್ಟು, "ಬರೋ ತನಕ ಇಲ್ಲೇ ಇರತ್ತೆ" ಅಂದೆ. ಈಗ ಎಲ್ಲರೂ ಅಂಥದ್ದನ್ನು ತಾವಾಗಿಯೇ ತೆಗೆದು ಕೊಡುತ್ತಾರೆ. ಇಷ್ಟು ಜನರ ಜೇಬಿನಲ್ಲಿ ಇಷ್ಟೆಲ್ಲ ಇತ್ತೆಂದು ಯಾರಿಗೂ ತಿಳಿದಿರಲಿಲ್ಲ.

ಮಾಪಮ್ಮನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನಿಂತು ಹೇಳಿದೆ, ಕೂತರೆ ಹೇಳುವುದಕ್ಕೆ ಆಗುತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಂಡರು. "ಐವತ್ತು ದಿನದ ಮೇಲಾಯ್ತಮ್ಮಾ. ನಾನೇ ತಂದಿದ್ದೀನೇನೋ ಅಂತ ನನಗೇ ಅನುಮಾನ ಬಂದ್ಬಿಟ್ಟಿತ್ತು. ದಿನಾ ಎರಡು ಸಲ ಅಂಗಳ ತೊಳೀತಿದ್ದೆ" ಅಂದರು. ಅದಕ್ಕಿಂತ ನನಗೆ ನಾಲ್ಕು ಏಟು ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಆಮೇಲೆ ಅವರೇ, "ಒಳಗೆ ಬನ್ನಿ, ನಿಂತೇ ಇದ್ದೀರಲ್ಲ" ಎಂದರು. ನಿಮ್ಮ ಬೀಜ ಅವರಿಗೆ ಕೊಟ್ಟೆ. ಅವರ ಅಂಗಳದಲ್ಲಿ ಆರು ಗಿಡ ಎದ್ದಿವೆ. ಈಗ ಕೆಲಸಕ್ಕೂ ಬರುತ್ತಿದ್ದಾರೆ. ಬಾಗಿಲಲ್ಲಿ ನಾನೇ ಅವರಿಗೆ ಸೂಟು ಹಾಕಿಸುತ್ತೇನೆ. "ನಿಮ್ಮತ್ತಿಗೆಗೆ ನನ್ನದೊಂದು ನಮಸ್ಕಾರ ಬರೀರಿ, ನೀರು ಕಡಿಮೆ ಹಾಕ್ತಿದ್ದೀನಿ ಅಂತಾನೂ ಬರೀರಿ" ಎಂದು ಹೇಳಿದ್ದಾರೆ. ಬರೆದಿದ್ದೇನೆ.

ಕೊನೆಯದಾಗಿ ಒಂದು ಸುದ್ದಿ. ಯಂತ್ರದ ಮೇಲೆ ಸಿಕ್ಕಿದ ಪ್ರತಿಯೊಂದು ಜಾತಿಯನ್ನೂ ನಾವು ಎಸೆಯುವುದಿಲ್ಲ, ಸಣ್ಣ ಸೀಸೆಯಲ್ಲಿ ಹಾಕಿ ಶೀತಲ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ ಇಡುತ್ತೇವೆ. ವರ್ಷಗಟ್ಟಲೆ. ನಿಮ್ಮ ಏಳನೇ ಕುಂಡದ್ದೂ ಈಗ ಅಲ್ಲಿದೆ. ಮುಂದೆ ಎಂದಾದರೂ ಮಂಗಳದಲ್ಲಿ ಜೀವ ಸಿಕ್ಕಿತು ಎಂದು ಯಾರಾದರೂ ಹೇಳಿದ ದಿನ, ಊರೆಲ್ಲ ಕುಣಿಯುವ ಮುಂಚೆ ಒಬ್ಬರು ಹೋಗಿ ಆ ಪೆಟ್ಟಿಗೆ ತೆಗೆಯುತ್ತಾರೆ. ಇದು ಅಲ್ಲಿಯದೋ, ಅತ್ತಿಗೆಯ ಕುಂಡದ್ದೋ ಎಂದು ಮೊದಲು ನೋಡುತ್ತಾರೆ. ನಿಮ್ಮದಲ್ಲ ಎಂದು ಖಾತ್ರಿಯಾದ ಮೇಲೆಯೇ ಅದು ಜೀವ.

ನನ್ನ ಮೂಗು ಒರೆಸಿದ್ದಕ್ಕೆ, ಕೈ ತೊಳೆಯಲು ಕಲಿಸಿದ್ದಕ್ಕೆ, ಒಂದು ಚಮಚ ಕೇಳಿದರೆ ಒಂದು ಸೇರು ಕಳಿಸಿದ್ದಕ್ಕೆ ಹೇಗೆ ಋಣ ತೀರಿಸುವುದೋ ತಿಳಿಯುವುದಿಲ್ಲ. ತೀರಿಸುವ ಆಸೆಯೂ ಇಲ್ಲ, ಇರಲಿ.

ಸೀಸೆಗೆ ಚೀಟಿ ಅಂಟಿಸುವ ಕೆಲಸವನ್ನು ಮೇಷ್ಟ್ರು ನನಗೇ ಕೊಟ್ಟರು. ಎಲ್ಲಿಂದ ಬಂತು ಎನ್ನುವ ಕಡೆ ನಿಮ್ಮ ಏಳನೇ ಕುಂಡ. ತಂದವರು ಯಾರು ಎನ್ನುವ ಕಡೆ ನನ್ನ ಹೆಸರು, ತಾರೀಖು. ಅವರ ಪೆನ್ನಿನಲ್ಲೇ ಬರೆದು, ಪೆನ್ನು ವಾಪಸ್ಸು ಕೊಟ್ಟೆ. ಅಕ್ಷರ ಈ ಸಲ ಬೆಟ್ಟ ಹತ್ತಿಲ್ಲ ಅತ್ತಿಗೆ, ನೆಟ್ಟಗೆ ನಿಂತಿದೆ.

ನಿಮ್ಮ ಸೀನವ್ವ